ಉಡುಪಿ ಸೀರೆ: ಹೆಸರಿನ ಹಕ್ಕು ಯಾರಿಗೆ?

ಅರ್ಧ ಕಿಲೋಗಿಂತ ತುಸು ಕಡಿಮೆ, ಅಂದರೆ ಒಂದು ಪೌಂಡ್ ಹತ್ತಿಯಿಂದ ಅರವತ್ತೊಂದು ಕಿಲೋಮೀಟರ್ ಉದ್ದದ ನೂಲು ತೆಗೆದರೆ ಅದು 80ನೇ ನಂಬರಿನ ನೂಲು. ನಂಬರು ಏರಿದಷ್ಟೂ ಎಳೆ ತೆಳು. ಇಂಥ ಸಪೂರ ಎಳೆಯನ್ನು ಗಂಜಿ ಹಾಕಿ ಗಟ್ಟಿಮಾಡಿ, ಚೌಕಟ್ಟಿನ ಮಗ್ಗದಲ್ಲಿ ಕೈಯಿಂದ ನೇಯ್ದದ್ದು ಉಡುಪಿ ಸೀರೆ. ಕರಾವಳಿಯ ಸೆಕೆಗೆ ಹೇಳಿ ಮಾಡಿಸಿದಂತಿದೆ. ಮೈಗೆ ಭಾರವಿಲ್ಲ, ಒಗೆದಷ್ಟೂ ಮೃದು. ಆದರೆ ಅಂಗಡಿಯಲ್ಲಿ ಮಡಚಿಟ್ಟಾಗ ಇದಕ್ಕೂ ವಿದ್ಯುತ್ ಮಗ್ಗದ ಅಗ್ಗದ ಸೀರೆಗೂ ಇರುವ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಚೌಕುಳಿ, ಸಣ್ಣ ಬುಟ್ಟ, ಬೇರೆ ಬಣ್ಣದ ಅಂಚು, ಇವನ್ನೆಲ್ಲ ಯಾರು ಬೇಕಾದರೂ ನಕಲು ಮಾಡಬಹುದು. ಹಾಗಾದರೆ ನೇಕಾರನಿಗೆ ತನ್ನದೆಂದು ಹೇಳಿಕೊಳ್ಳಲು ಏನು ಉಳಿಯಿತು?

ಈ ಪ್ರಶ್ನೆ ಕರಾವಳಿಗೆ ಹೊಸದಲ್ಲ. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜಾನ್ ಹಾಲರ್ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಖಾಕಿ ಬಣ್ಣವನ್ನು ತಯಾರಿಸಿದರೆಂಬ ಮಾತು ಪ್ರಸಿದ್ಧ. ಪೇಶಾವರದ ಕಡೆಯ ಸೈನಿಕರು ಅದಕ್ಕೂ ಮೊದಲೇ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿದ್ದರು, ಆದ್ದರಿಂದ ಖಾಕಿಯ ಕಲ್ಪನೆ ಮಂಗಳೂರಿನದೇ ಎನ್ನಲಾಗದು. ಬಲ್ಮಠದ ಹೆಗ್ಗಳಿಕೆ ಬಣ್ಣದ ಪಾಕದ್ದು. ಆ ಪಾಕಕ್ಕೆ ಪೇಟೆಂಟ್ ಪಡೆಯೋಣವೆಂದರೆ ಆಗ ಭಾರತದಲ್ಲಿ ಪೇಟೆಂಟ್ ಕಾಯ್ದೆಯೇ ಇರಲಿಲ್ಲ. ಅದು ಬಂದದ್ದು 1856ರಲ್ಲಿ. ಮೊದಲ ಅರ್ಜಿ ಹಾಕಿದ ಕಲ್ಕತ್ತೆಯ ಡಿಪೆನಿಂಗ್ ಹಕ್ಕು ಕೇಳಿದ್ದು ಪಂಕಾ ಎಳೆಯುವ ಯಂತ್ರಕ್ಕೆ! ಖಾಕಿ ಜಗತ್ತನ್ನೆಲ್ಲ ಸುತ್ತಿತು, ಬಲ್ಮಠಕ್ಕೆ ಉಳಿದದ್ದು ಕೀರ್ತಿ ಮಾತ್ರ.

ಮಿಷನ್ನಿನವರು ತಂದ ಚೌಕಟ್ಟಿನ ಮಗ್ಗ ಮತ್ತು ಹಾರುವ ಲಾಳಿ ಮಾತ್ರ ಊರೂರಿಗೆ ಹರಡಿ, ಉಡುಪಿ, ಬ್ರಹ್ಮಾವರ, ಕಿನ್ನಿಗೋಳಿ ಕಡೆಯ ಶೆಟ್ಟಿಗಾರರ ಮನೆಗಳನ್ನು ಸೇರಿದವು. 1920ರ ದಶಕದಲ್ಲಿ ಈ ಮಗ್ಗಗಳಿಗೆ ಸಂಕಷ್ಟ ಬಂದಾಗ ನೇಕಾರರಿಗೆ ಸಾಲ ಕೊಡಬೇಕೆಂದು ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಒಂದು ಬ್ಯಾಂಕ್ ತೆರೆದರು. ಅದೇ ಬೆಳೆದು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವಷ್ಟರಲ್ಲಿ ಅದು ದೇಶದುದ್ದಕ್ಕೂ ಹಬ್ಬಿತ್ತು. ಯಾರಿಗಾಗಿ ಅದು ಹುಟ್ಟಿತೋ ಆ ಮಗ್ಗಗಳು ಮಾತ್ರ ಒಂದೊಂದಾಗಿ ಅಟ್ಟ ಸೇರಿದವು.

ಇನ್ನು ಕಾನೂನಿನ ಮಾತು. ಪೇಟೆಂಟ್ ಸಿಗಬೇಕಾದರೆ ಕೌಶಲ ಹೊಸದಾಗಿರಬೇಕು. ತಲೆಮಾರಿನಿಂದ ಬಂದ ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲವೆಂದು ಕಾಯ್ದೆಯೇ ಹೇಳುತ್ತದೆ. ವಿನ್ಯಾಸ ನೋಂದಣಿಗೆ ಹೆಚ್ಚೆಂದರೆ ಹದಿನೈದು ವರ್ಷ ಆಯುಷ್ಯ, ಅದೂ ಹೊಸ ವಿನ್ಯಾಸಕ್ಕೆ ಮಾತ್ರ. ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿಯ ಅಥವಾ ಒಂದು ಸಂಸ್ಥೆಯ ಸ್ವತ್ತು. ಇಡೀ ಊರಿಗೆ ಸೇರಿದ ಕಸುಬಿಗೆ ಇವು ಯಾವುವೂ ಒಗ್ಗವು. ಈ ಕೊರತೆ ನೀಗಲು ಬಂದದ್ದು ಭೌಗೋಳಿಕ ಸೂಚಕ ಕಾಯ್ದೆ. 1999ರಲ್ಲಿ ಸಂಸತ್ತು ಅಂಗೀಕರಿಸಿದ ಇದು 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಉಡುಪಿ ಸೀರೆಗೆ 2016ರಲ್ಲಿ ಈ ಮಾನ್ಯತೆ ದೊರೆಯಿತು. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಈ ಹಕ್ಕಿಗೆ ಕೊನೆಯಿಲ್ಲ.

ಈ ಹಕ್ಕಿನ ಒಂದು ವಿಚಿತ್ರವೆಂದರೆ ಅದನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಅಡವಿಡುವಂತಿಲ್ಲ. ಟ್ರೇಡ್‌ಮಾರ್ಕಿನ ಮೇಲೆ ಸಾಲ ಎತ್ತಬಹುದು, ಉಡುಪಿ ಸೀರೆಯ ಹೆಸರಿನ ಮೇಲೆ ಯಾವ ಬ್ಯಾಂಕೂ ಸಾಲ ಕೊಡಲಾರದು. ಹಣವಂತನೊಬ್ಬ ಹೆಸರನ್ನು ಕೊಂಡು ಊರನ್ನೇ ಹೊರಗಿಡಬಾರದೆಂಬುದು ಇದರ ಉದ್ದೇಶ, ಅದು ಸರಿಯೂ ಹೌದು. ಆದರೆ ಎಲ್ಲರ ಆಸ್ತಿಯೆಂದರೆ ಕಾಯುವವರಾರು ಎಂಬ ತೊಡಕು ಅಲ್ಲೇ ಹುಟ್ಟಿಕೊಳ್ಳುತ್ತದೆ. ಚೆನ್ನೈನ ಕಚೇರಿಯಲ್ಲಿ ಹೆಸರು ದಾಖಲಾದರೆ ಸಾಲದು. ನೇಯುವವರು ‘ಅಧಿಕೃತ ಬಳಕೆದಾರ’ರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. 2020ರಲ್ಲಿ ಇದರ ಶುಲ್ಕ ಐನೂರು ರೂಪಾಯಿಯಿಂದ ಹತ್ತಕ್ಕೆ ಇಳಿಯಿತು. ಶುಲ್ಕ ಇಳಿದರೂ ನಕಲಿ ಮಾಲು ಕಂಡಾಗ ವಕೀಲರನ್ನಿಟ್ಟು ಓಡಾಡುವ ಖರ್ಚು ಹಾಗೆಯೇ ಇದೆ. ದಿನಗೂಲಿಯ ಲೆಕ್ಕದಲ್ಲಿ ಬದುಕುವ ನೇಕಾರನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಈ ವಿಷಯದಲ್ಲಿ ಕಾಪು ಕಡೆಯ ರೈತರು ಜಾಣತನ ತೋರಿದ್ದಾರೆ. ವಾದಿರಾಜರು ಬೀಜ ಕೊಟ್ಟರೆಂದು ಜನ ನಂಬುವ ಮಟ್ಟುಗುಳ್ಳಕ್ಕೆ 2011ರಲ್ಲಿ ಸೂಚಕ ಸಿಕ್ಕಿತು. ಬೇರೆಡೆಯ ಬದನೆ ಅದೇ ಹೆಸರಲ್ಲಿ ಮಾರುಕಟ್ಟೆಗೆ ಬಂದಾಗ ಬೆಳೆಗಾರರು ಕೋರ್ಟಿಗೆ ಹೋಗುವ ಬದಲು ಗುಳ್ಳಕ್ಕೆ ಚೀಟಿ ಅಂಟಿಸತೊಡಗಿದರು. ಚೀಟಿ ನೋಡಿ ಕೊಳ್ಳುವ ಗಿರಾಕಿಯೇ ಅಲ್ಲಿ ಕಾವಲುಗಾರ. ಸೀರೆಗೂ 2006ರಿಂದ ಕೈಮಗ್ಗದ ಮುದ್ರೆ ಇದೆ. ಆದರೆ ಅದು ಕೈಮಗ್ಗದ್ದೆಂದು ಹೇಳುತ್ತದೆಯೇ ಹೊರತು ಯಾವ ಊರಿನದೆಂದು ಹೇಳುವುದಿಲ್ಲ.

ಹೊಸತನದ ದಾರಿ ಹಿಡಿದವರೂ ಇದ್ದಾರೆ. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಹಳೆಯ ಮಗ್ಗಗಳನ್ನು ಎಬ್ಬಿಸುವ ಕೆಲಸಕ್ಕೆ ಇಳಿಯಿತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಂಥ ನೈಸರ್ಗಿಕ ಬಣ್ಣಗಳನ್ನು ನೂಲಿಗೆ ಹಾಕಿಸಿತು. ಚೊಗರಿನ ಕಲೆ ಹೋಗದೆಂಬುದು ಅಡಿಕೆ ಸುಲಿಯುವ ಮನೆಯವರಿಗೆಲ್ಲ ಗೊತ್ತು. ಪೇಟೆಂಟಿಗೆ ಬೇಕಾದ ಗುಟ್ಟು ಅದರಲ್ಲಿಲ್ಲ. ಬಲ್ಮಠದ ಬಣ್ಣದಂತೆ ಇದನ್ನೂ ನಾಳೆ ಯಾರಾದರೂ ಬಳಸಿಯಾರು. ಅವರು ಬಳಸಲಾಗದ್ದು ಉಡುಪಿ ಸೀರೆಯೆಂಬ ಹೆಸರನ್ನು ಮಾತ್ರ.

ಆ ಹೆಸರನ್ನು ಕಾನೂನು ಕಾಯಬಲ್ಲದು, ಮಗ್ಗದ ಮುಂದೆ ಕೂರುವವನ ಕೂಲಿಯನ್ನು ಅದು ನಿಗದಿ ಮಾಡದು. ಗೇರುಬೀಜದ ಕಾರ್ಖಾನೆ, ಮುಂಬಯಿಯ ಹೋಟೆಲು, ಮಣಿಪಾಲದ ಆಸ್ಪತ್ರೆ ಎಲ್ಲವೂ ನೇಕಾರರ ಮಕ್ಕಳನ್ನು ಕರೆಯುತ್ತಿವೆ. ನೇಯುವವನ ಪಕ್ಕದಲ್ಲಿ ಹಾಸು ಹೊಯ್ಯಲು, ಗಂಜಿ ಹಾಕಲು, ಉಂಡೆ ಸುತ್ತಲು ಮನೆಮಂದಿ ಬೇಕು. ಆ ಕೆಲಸಕ್ಕೆ ಬೇರೆ ಸಂಬಳವಿರಲಿಲ್ಲ, ಈಗ ಸಂಬಳ ಕೊಟ್ಟರೂ ಜನ ಸಿಗುವುದು ಕಷ್ಟ. ನೋಂದಣಿಯ ಕಡತದಲ್ಲಿರುವ ಸೀರೆ ಹುಟ್ಟಬೇಕಾದದ್ದು ಈ ಮನೆಗಳಲ್ಲೇ.