ಸಾಲಗಾರನ ಸೆರೆ, ಸಾವಕಾರನ ಅನ್ನ

ಬಾಕಿದಾರನನ್ನು ದಿವಾಣಿ ಜೇಲಿಗೆ ಹಾಕಿಸಿದರೆ ಅಲ್ಲಿ ಅವನ ಊಟದ ಖರ್ಚು ಯಾರದು? ಸರ್ಕಾರದ್ದಲ್ಲ, ಸಾಲ ಕೊಟ್ಟ ಸಾವಕಾರನದು. 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ಇಂದಿನವರೆಗೂ ಇದೇ ನಿಯಮ. ಅವನು ಭತ್ಯೆ ಕಟ್ಟುವುದನ್ನು ನಿಲ್ಲಿಸಿದರೆ ಕೈದಿ ಹೊರಗೆ. ಬಾರದ ಸಾಲದ ಮೇಲೆ ಅನ್ನದ ಖರ್ಚನ್ನೂ ಹೊರಲು ಸಾವಕಾರನಿಗೇನು ಹುಚ್ಚೇ? ಅವನ ಲೆಕ್ಕ ಬೇರೆಯೇ ಇತ್ತು. ಕಣ್ಣಿದ್ದದ್ದು ಬಾಕಿದಾರನ ಅಣ್ಣತಮ್ಮಂದಿರ ಮೇಲೆ, ಹೆಂಡತಿಯ ಮೈಮೇಲಿನ ಬಂಗಾರದ ಮೇಲೆ. ಎಷ್ಟೋ ಸಲ ಜೇಲಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ವಾರಂಟು ಕಂಡೊಡನೆ ರೈತ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ.

ಗದಗ ಸೀಮೆಗೆ ಇದು ದೂರದ ಮಾತಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು, ಸಾಲ ಮಾತ್ರ ಉಳಿಯಿತು. ಹಿಂದೆಯೇ 1876–78ರ ಬರ.

ಇದರ ನಡುವೆ, 1875ರ ಮೇ 12ರಂದು, ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವಕಾರರ ಮೇಲೆ ಎದ್ದರು. ಸಾಲಪತ್ರಗಳು ಬೆಂಕಿಗೆ ಬಿದ್ದವು. ಆಗ ಸೆರೆಯ ಪ್ರಶ್ನೆ ಚರ್ಚೆಗೆ ಬಂತು. ಸೆರೆಯ ಭಯ ಹೋದರೆ ಆಸ್ತಿ ಬಚ್ಚಿಡುವವನಿಗೆ ಹಬ್ಬ, ಸಾಲವೂ ಹುಟ್ಟುವುದಿಲ್ಲ ಎಂಬುದು ಒಂದು ವಾದ. ಇದನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಆದರೆ ಏನೂ ಇಲ್ಲದವನನ್ನು ಕೂಡಿಹಾಕಿದರೆ ಅವನ ಹೊಲ ಬೀಳು ಬೀಳುವುದಲ್ಲದೆ ಮತ್ತೇನು ಸಿಕ್ಕೀತು? 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯು ಹಣದ ಡಿಕ್ರಿಗಾಗಿ ರೈತನನ್ನು ಬಂಧಿಸಕೂಡದೆಂದಿತು. ಅದೂ ಪುಣೆ, ಸಾತಾರ, ಸೊಲ್ಲಾಪುರ, ಅಹಮದನಗರ ಈ ನಾಲ್ಕೇ ಜಿಲ್ಲೆಗಳಲ್ಲಿ. ಧಾರವಾಡ ಜಿಲ್ಲೆಯ ಗದಗ ಹೊರಗುಳಿಯಿತು. ಶಿರಹಟ್ಟಿಯಂತೂ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಹಿರಿಯ ಮಿರಜದ್ದು. ಪತ್ರ ಸುಡದ ಊರುಗಳ ಗೋಳು ಕಾಯ್ದೆ ಬರೆಯುವವರ ಕಿವಿಗೆ ಬೀಳಲಿಲ್ಲವೆನ್ನೋಣ.

ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅಲ್ಲಿ ಒಬ್ಬನ ಸಾಲಕ್ಕೆ ಊರಿನ ಸದಸ್ಯರೆಲ್ಲ ಹೊಣೆ. ಸಾಲಗಾರನ ಮೈಯನ್ನೇ ಒತ್ತೆಯಾಗಿ ಹಿಡಿಯುವ ಕೋರ್ಟಿನ ದಾರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಆ ಕಾಲದ ಚರ್ಚೆಗಳಲ್ಲಿ ನನಗಂತೂ ಕಂಡಿಲ್ಲ.

ಕಾನೂನು ನಿಧಾನವಾಗಿ ಮೆತ್ತಗಾಯಿತು. 1888ರಲ್ಲಿ ಹೆಂಗಸರಿಗೆ ವಿನಾಯಿತಿ ಸಿಕ್ಕಿತು. 1936ರ ತಿದ್ದುಪಡಿ, ಕೊಡುವ ಶಕ್ತಿಯಿದ್ದೂ ಕೊಡದವನು, ಆಸ್ತಿ ಮುಚ್ಚಿಡುವವನು ಇಂಥವರಿಗಷ್ಟೇ ಸೆರೆ ಎಂದಿತು. ಬರೀ ಬಡತನ ಅಪರಾಧವಲ್ಲವೆಂದು 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒತ್ತಿ ಹೇಳಿದರು. 2002ರಿಂದ 2,000 ರೂಪಾಯಿವರೆಗಿನ ಡಿಕ್ರಿಗೆ ಸೆರೆಯೇ ಇಲ್ಲ. 5,000 ಮೀರಿದರೆ ಹೆಚ್ಚೆಂದರೆ ಮೂರು ತಿಂಗಳು. ಹೊರಬಂದವನ ಸಾಲ ತೀರುವುದಿಲ್ಲ. ಆದರೆ ಅದೇ ಡಿಕ್ರಿಗೆ ಅವನನ್ನು ಮತ್ತೆ ಹಿಡಿಯುವಂತಿಲ್ಲ.