ಸೂಸನ್ ಅಜ್ಜಿ ಹೇಳಿದ ಎರಡು ಕಥೆ

1937ರ ಜುಲೈನಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ ಜೆಸ್ಸಿ ಬಟ್ಲರ್ ಎಂಬ ಬಿಳಿಯ ಮಹಿಳೆ ಸೂಸನ್ ಹ್ಯಾಮ್ಲಿನ್ ಎಂಬ ನೂರು ದಾಟಿದ ಅಜ್ಜಿಯನ್ನು ಹುಡುಕಿಕೊಂಡು ಹೋದರು. ಅಜ್ಜಿ ಮುಂಬಾಗಿಲ ಒಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಬಂದವರು ಸರ್ಕಾರದ ನೆರವು ಕೊಡುವ ಕಚೇರಿಯವರಿರಬೇಕು ಎಂದುಕೊಂಡರು. ಹಿಂದೆ ಅಲ್ಲಿಂದ ಅವರಿಗೆ ಸಹಾಯ ಸಿಗುತ್ತಿತ್ತು. ಬಟ್ಲರ್ ಆ ತಪ್ಪು ತಿಳಿವಳಿಕೆಯನ್ನು ಸರಿಪಡಿಸಲಿಲ್ಲ. ಸರಿಪಡಿಸಲಿಲ್ಲ ಎಂಬುದನ್ನು ತಮ್ಮ ವರದಿಯ ಮೊದಲಲ್ಲೇ ಬರೆದಿಟ್ಟರು, ಪುಣ್ಯಕ್ಕೆ. ಗುಲಾಮಗಿರಿಯಲ್ಲಿ ಹುಟ್ಟಿದ ಅಜ್ಜಿ ಅವತ್ತು ತನ್ನ ಯಜಮಾನ ಫುಲ್ಲರ್ ಒಳ್ಳೆಯ ಮನುಷ್ಯ, ಹೆಂಡತಿ ಕಡೆಯವರೂ ದೊಡ್ಡ ಮನಸ್ಸಿನವರು ಎಂಬ ಧಾಟಿಯಲ್ಲೇ ಮಾತಾಡಿದರು.

ಅದೇ ಅಜ್ಜಿಯನ್ನು ಆಗಸ್ಟಸ್ ಲ್ಯಾಡ್ಸನ್ ಎಂಬ ಇನ್ನೊಬ್ಬ ಸಂದರ್ಶಕರೂ ಮಾತಾಡಿಸಿದ್ದಾರೆ. ಲ್ಯಾಡ್ಸನ್ ಕರಿಯ ಸಮುದಾಯದವರು. ಅವರೆದುರು ಅಜ್ಜಿಯ ಬಾಯಿಂದ ಬಂದದ್ದೇ ಬೇರೆ. ಚಾಟಿಯೇಟಿನ ಮಾತು ಬಂತು, ತಾಯಿಮಕ್ಕಳನ್ನು ಅಗಲಿಸಿ ಮಾರುವಾಗಿನ ಗೋಳು ಬಂತು. ರಾತ್ರಿ ಮದುವೆಯಾದ ಹುಡುಗಿಯೊಬ್ಬಳನ್ನು ಬೆಳಗಾಗುವಷ್ಟರಲ್ಲಿ ಯಜಮಾನ ಮಾರಿಬಿಟ್ಟ. ಅವಳ ತಾಯಿ ಬೀದಿಗೆ ಬಂದು ನಿಂತು ಯಜಮಾನಿಯನ್ನು ಬಾಯಿಗೆ ಬಂದಂತೆ ಶಪಿಸಿದಳು. ಪೊಲೀಸರು ಎಳೆದೊಯ್ದ ಮೇಲೆ ಅವಳು ಏನಾದಳೋ ಅಜ್ಜಿಗೆ ಗೊತ್ತಾಗಲೇ ಇಲ್ಲ.

ಈ ಎರಡೂ ಸಂದರ್ಶನಗಳು ಇವತ್ತು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿವೆ. ಚಿಕ್ಕೋಡಿಯಲ್ಲೋ ಚಿಂತಾಮಣಿಯಲ್ಲೋ ಕೂತು ಮೊಬೈಲಿನಲ್ಲಿ ಬಿಡಿಗಾಸು ಕೊಡದೆ ಓದಬಹುದು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡ ಬರಹಗಾರರಿಗೆ ಅಮೆರಿಕ ಸರ್ಕಾರ ಸಂಬಳ ಕೊಟ್ಟು ಇಂಥ ಕೆಲಸ ಮಾಡಿಸಿತು. 1936ರಿಂದ 1938ರವರೆಗೆ ಹೀಗೆ ಬರೆದುಕೊಂಡ, ಮಾಜಿ ಗುಲಾಮರ 2,300ಕ್ಕೂ ಹೆಚ್ಚು ನೆನಪುಗಳು ಅಲ್ಲಿ ಇವೆ.

ನಮ್ಮಲ್ಲಿ ಎಂ.ಎ. ಇತಿಹಾಸಕ್ಕೋ ಸ್ಪರ್ಧಾತ್ಮಕ ಪರೀಕ್ಷೆಗೋ ಅಮೆರಿಕದ ಚರಿತ್ರೆ ಓದುವವರ ಕೈಗೆ ಸಾಮಾನ್ಯವಾಗಿ ಸಿಗುವುದು ಗೈಡು. ಕ್ರಾಂತಿಯ ಕಾರಣಗಳು ಇಷ್ಟು, ಪರಿಣಾಮಗಳು ಇಷ್ಟು, ನಡುವೆ ಬಾಸ್ಟನ್ ಟೀ ಪಾರ್ಟಿ. ಅತ್ತ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಹೈಸ್ಕೂಲಿನಲ್ಲಿ ಎಪಿ (ಕಾಲೇಜು ಮಟ್ಟದ) ಹಿಸ್ಟರಿ ತೆಗೆದುಕೊಂಡರೆ ಪ್ರಶ್ನೆಪತ್ರಿಕೆಯಲ್ಲೇ ಏಳು ದಾಖಲೆ ಕೊಟ್ಟು, ಇವುಗಳನ್ನು ಓದಿ ವಾದ ಕಟ್ಟು ಎನ್ನುತ್ತಾರೆ. ಗೈಡು ಓದಬಾರದು ಎಂದಲ್ಲ, ಎಲ್ಲಿಂದಲೋ ಶುರು ಮಾಡಲೇಬೇಕು. ಹಾಗೆ ಶುರು ಮಾಡುವವರಿಗೆ ‘ದಿ ಅಮೆರಿಕನ್ ಯಾಪ್’ ಎಂಬ, ಅನೇಕ ಇತಿಹಾಸಕಾರರು ಸೇರಿ ಬರೆದ ಪೂರ್ತಿ ಪಠ್ಯಪುಸ್ತಕ ಉಚಿತವಾಗಿದೆ. ಓಪನ್‌ಸ್ಟ್ಯಾಕ್ಸ್‌ನದೂ ಒಂದಿದೆ. ಉಸಿರು ಬಿಡದೆ ಮಾತಾಡುವ ಜಾನ್ ಗ್ರೀನ್ ಅವರ ‘ಕ್ರ್ಯಾಶ್ ಕೋರ್ಸ್’ ವಿಡಿಯೊಗಳೂ ಇವೆ. ಆದರೆ ಇವೆಲ್ಲ ಬೇರೆಯವರು ಅರಗಿಸಿ ಕೊಟ್ಟದ್ದು. ಅಂತರ್ಜಾಲ ಕೊಟ್ಟ ನಿಜವಾದ ಲಾಭ ಇದಲ್ಲ ಎನ್ನುವುದು ನನ್ನ ವಾದ. ಹಿಂದೆ ವಾಷಿಂಗ್ಟನ್ನಿಗೆ ವಿಮಾನ ಹತ್ತಬೇಕಿದ್ದ ಕಾಗದಪತ್ರಗಳು ಮನೆಗೇ ಬಂದಿರುವುದು ಲಾಭ.

ಸ್ವಾತಂತ್ರ್ಯ ಘೋಷಣೆಯನ್ನೇ ನೋಡಿ. 2026ರ ಜುಲೈ 4ಕ್ಕೆ ಅದಕ್ಕೆ 250 ವರ್ಷ. ಥಾಮಸ್ ಜೆಫರ್ಸನ್ ಬರೆದ ಕರಡು, ಅದರ ಮೇಲೆ ಜಾನ್ ಆಡಮ್ಸ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ ತಿದ್ದುಪಡಿ, ಗೀಚು, ಕಾಟು ಎಲ್ಲವೂ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅದೇ ತಾಣದಲ್ಲಿ ಕಣ್ಣಿಗೆ ಕಟ್ಟುತ್ತವೆ. ಗುಲಾಮರ ವ್ಯಾಪಾರಕ್ಕಾಗಿ ಇಂಗ್ಲೆಂಡಿನ ದೊರೆಯನ್ನು ಕಟುವಾಗಿ ದೂರುವ ಒಂದು ಇಡೀ ಭಾಗ ಆ ಕರಡಿನಲ್ಲಿದೆ. ಕಾಂಗ್ರೆಸ್ ಸಭೆ ಅದನ್ನು ಕಿತ್ತುಹಾಕಿತು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದವರನ್ನು ಸಮಾಧಾನಪಡಿಸಲು ಎಂದು ಜೆಫರ್ಸನ್ ಆಮೇಲೆ ಬರೆದುಕೊಂಡರು. ಹಾಗೆ ದೂರಿದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು! ಅಲ್ಲಿಗೇ ನಿಲ್ಲಬೇಕಿಲ್ಲ. 1949ರಲ್ಲಿ ಬಾಲ್ಟಿಮೋರಿನಲ್ಲಿ ಧ್ವನಿಮುದ್ರಿಸಿದ ಫೌಂಟನ್ ಹ್ಯೂಸ್ ಎಂಬ ಮುದುಕರ ದನಿ ಇದೇ ತಾಣದಲ್ಲಿ ಕೇಳಸಿಗುತ್ತದೆ. ತನ್ನ ಅಜ್ಜ ಜೆಫರ್ಸನ್ನರಿಗೆ ಸೇರಿದ್ದವನು ಎನ್ನುತ್ತಾರೆ ಆತ. ದನಕರು ಮಾರಿದ ಹಾಗೆ ತಮ್ಮವರನ್ನು ಮಾರುತ್ತಿದ್ದುದನ್ನು ಹೇಳುತ್ತಾರೆ. ಮತ್ತೆ ಗುಲಾಮನಾಗಬೇಕಾಗಿ ಬಂದರೆ ಬಂದೂಕು ತೆಗೆದುಕೊಂಡು ಅಲ್ಲಿಗೇ ಮುಗಿಸಿಕೊಂಡೇನು ಎನ್ನುವಾಗ ದನಿಯಲ್ಲಿ ನಾಟಕವಿಲ್ಲ.

ಒಬ್ಬೊಬ್ಬರ ಕಥೆಯಿಂದ ಆಚೆ ಹೋಗಿ ಲೆಕ್ಕ ಬೇಕೆಂದರೆ ‘ಸ್ಲೇವ್ ವಾಯೇಜಸ್’ ಇದೆ. ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿದ 36,000ದಷ್ಟು ಹಡಗು ಪ್ರಯಾಣಗಳ ವಿವರ ಅಲ್ಲಿದೆ. ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ, ಜೀವಸಹಿತ ಇಳಿದವರು ಸುಮಾರು 1 ಕೋಟಿ 7 ಲಕ್ಷ ಎಂದು ಅಂದಾಜು. ಓದುವವರು ಬೆಚ್ಚುವುದು ಮುಂದಿನ ಸಂಖ್ಯೆಗೆ. ಇವರಲ್ಲಿ ಉತ್ತರ ಅಮೆರಿಕದ ನೆಲಕ್ಕೆ ನೇರ ಬಂದವರು 4 ಲಕ್ಷಕ್ಕಿಂತ ಕಡಿಮೆ. ಬಹುಪಾಲು ಜನ ಹೋದದ್ದು ಬ್ರೆಜಿಲ್ಲಿಗೆ ಮತ್ತು ಕೆರಿಬಿಯನ್ ದ್ವೀಪಗಳಿಗೆ. ಹಾಗಿದ್ದೂ 1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ 40 ಲಕ್ಷದಷ್ಟು ಗುಲಾಮರಿದ್ದರು. ಅವರಲ್ಲಿ ಬಹುತೇಕರು ಅಲ್ಲೇ ಹುಟ್ಟಿದವರು. ಹಡಗಿನ ವ್ಯಾಪಾರ 1808ರಲ್ಲಿ ಕಾನೂನುಬಾಹಿರವಾದ ಮೇಲೂ ದೇಶದೊಳಗಿನ ಮಾರುಕಟ್ಟೆ ಮಾತ್ರ ಭರ್ಜರಿಯಾಗಿ ನಡೆಯಿತು. ಸೂಸನ್ ಅಜ್ಜಿ ಕಂಡ ಆ ಮದುಮಗಳ ಮಾರಾಟಕ್ಕೆ ಅರ್ಥ ಬರುವುದು ಈ ಲೆಕ್ಕದ ಜೊತೆ ಇಟ್ಟು ಓದಿದಾಗ.

ಹಳೆಯ ಪತ್ರಿಕೆಗಳಿಗೆ ‘ಕ್ರಾನಿಕ್ಲಿಂಗ್ ಅಮೆರಿಕ’ ಇದೆ, 2 ಕೋಟಿಗೂ ಮಿಕ್ಕಿದ ಪುಟಗಳು. ಮಸುಕಾದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ಒಂದು ಹೆಸರು ಸಿಗಲಿಲ್ಲವೆಂದು ಕೈಬಿಡದೆ ನಾಲ್ಕಾರು ಕಾಗುಣಿತದಲ್ಲಿ ಹುಡುಕಬೇಕು. ಭಾರತೀಯ ಹೆಸರುಗಳಿಗಂತೂ ಇದು ಕಡ್ಡಾಯ. ಕರ್ನಾಟಕದವರಾದ, ಮುಂದೆ ಹಿಂದೂಸ್ತಾನಿ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಲಾಲಾ ಲಜಪತ ರಾಯ್ ಜೊತೆ ಅಮೆರಿಕದಲ್ಲಿ ಹೋಂ ರೂಲ್ ಲೀಗಿನ ಕೆಲಸ ಮಾಡಿದವರು. ಅವರ ಆ ವರ್ಷಗಳ ಬಗ್ಗೆ ಸಂಶೋಧನೆ ಮಾಡಬೇಕೆನ್ನುವ ಹುಬ್ಬಳ್ಳಿಯ ವಿದ್ಯಾರ್ಥಿಗೆ ಇದು ಒಳ್ಳೆಯ ಜಾಗ. ದಕ್ಷಿಣ ಏಷ್ಯಾದಿಂದ ಅಮೆರಿಕಕ್ಕೆ ಹೋದವರ ಕಾಗದಪತ್ರಗಳನ್ನೇ ಕೂಡಿಸಿಡುವ ‘ಸಾಡಾ’ ಎಂಬ ಸಂಗ್ರಹವೂ 2008ರಿಂದ ಇದೆ.

ಇಷ್ಟೆಲ್ಲ ಕೈಗೆ ಸಿಕ್ಕರೂ ಓದುವ ಹದ ಬೇರೆಯೇ ಕಲಿಯಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಶಿಕ್ಷಣ ಸಂಶೋಧಕ ಸ್ಯಾಮ್ ವೈನ್‌ಬರ್ಗ್ ಇದರ ಹಿಂದೆ ಬಿದ್ದವರು. ಅವರ ತಂಡ ಉಚಿತವಾಗಿ ಕೊಡುವ ಪಾಠಗಳಲ್ಲಿ ಮೊದಲ ಪ್ರಶ್ನೆ, ಇದನ್ನು ಬರೆದವರು ಯಾರು, ಯಾರಿಗಾಗಿ, ಯಾವಾಗ? ಒಮ್ಮೆ ಅವರು ಪಿಎಚ್‌.ಡಿ. ಪಡೆದ ಇತಿಹಾಸಕಾರರು, ವಿದ್ಯಾರ್ಥಿಗಳು ಮತ್ತು ಪತ್ರಿಕೆಗಳ ಸುದ್ದಿ ಪರಿಶೀಲಕರು, ಈ ಮೂರು ಗುಂಪಿಗೂ ಕೆಲವು ಜಾಲತಾಣ ತೋರಿಸಿ ಯಾವುದು ನಂಬಲರ್ಹ ಎಂದು ಕೇಳಿದರು. ಚೆಂದದ ವಿನ್ಯಾಸಕ್ಕೆ, ಗಂಭೀರ ಹೆಸರಿಗೆ ಇತಿಹಾಸಕಾರರೂ ಮರುಳಾದರು. ಪರಿಶೀಲಕರು ಮಾತ್ರ ಆ ಪುಟದಲ್ಲಿ ಕೂರದೆ ತಕ್ಷಣ ಹೊರಗೆ ಬಂದು, ಈ ತಾಣ ನಡೆಸುವವರು ಯಾರು ಎಂದು ಬೇರೆ ಕಡೆ ವಿಚಾರಿಸಿದರು. ನಮ್ಮ ಮೇಷ್ಟ್ರುಗಳು ಅಮೆರಿಕದ ಪಾಠ ಬಿಟ್ಟು ಇದೊಂದನ್ನೇ ಎತ್ತಿಕೊಂಡರೂ ನಷ್ಟವಿಲ್ಲ.

ಸರ್ಕಾರಿ ತಾಣ ಎಂದಮಾತ್ರಕ್ಕೆ ಅದು ಇದ್ದ ಹಾಗೇ ಇರುತ್ತದೆ ಎಂಬ ಭರವಸೆಯೂ ಬೇಡ. ಅಮೆರಿಕದ ಚರಿತ್ರೆಯನ್ನು ಹೇಗೆ ಕಲಿಸಬೇಕು ಎನ್ನುವ ‘1776 ಆಯೋಗ’ದ ವರದಿ ಶ್ವೇತಭವನದ ತಾಣದಲ್ಲಿ ಕಾಣಿಸಿಕೊಂಡದ್ದು 2021ರ ಜನವರಿ 18ಕ್ಕೆ. ಎರಡೇ ದಿನದಲ್ಲಿ ಅಧ್ಯಕ್ಷರು ಬದಲಾದರು, ವರದಿ ಅಲ್ಲಿಂದ ಮಾಯವಾಯಿತು. 2025ರಲ್ಲಿ ಗಾಳಿ ಎದುರು ದಿಕ್ಕಿನಿಂದ ಬೀಸಿತು. ಗುಲಾಮರು ತಪ್ಪಿಸಿಕೊಳ್ಳುತ್ತಿದ್ದ ಗುಪ್ತ ದಾರಿಗಳ ಜಾಲವಾದ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಕುರಿತ ರಾಷ್ಟ್ರೀಯ ಉದ್ಯಾನ ಇಲಾಖೆಯ ಪುಟದಿಂದ, ಆ ದಾರಿಯಲ್ಲಿ ಅನೇಕರನ್ನು ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಚಿತ್ರವನ್ನೇ ತೆಗೆದಿದ್ದರು. ಪತ್ರಿಕೆಗಳು ಗದ್ದಲ ಎಬ್ಬಿಸಿದ ಮೇಲೆ ಅದು ಮರಳಿ ಬಂತು. ಹಳೆಯ ಪುಟ ಹೇಗಿತ್ತು ಎಂದು ತೋರಿಸಿದ್ದು ಇಂಟರ್ನೆಟ್ ಆರ್ಕೈವಿನ ‘ವೇಬ್ಯಾಕ್ ಮಷೀನ್’. ತಾಣದ ವಿಳಾಸ ಹಾಕಿದರೆ ಯಾವ ದಿನ ಅದು ಹೇಗೆ ಕಾಣುತ್ತಿತ್ತು ಎಂಬ ಪ್ರತಿಗಳು ಸಿಗುತ್ತವೆ. ಪಾಠಕ್ಕೋ ಪ್ರಬಂಧಕ್ಕೋ ಬೇಕೆನಿಸಿದ ದಾಖಲೆ ಕಣ್ಣಿಗೆ ಬಿದ್ದ ದಿನವೇ ಇಳಿಸಿಕೊಂಡು, ವಿಳಾಸ ಮತ್ತು ತಾರೀಖು ಬರೆದಿಟ್ಟುಕೊಂಡು, ಅದೇ ಪುಟವನ್ನು ವೇಬ್ಯಾಕಿನಲ್ಲೂ ಉಳಿಸಬಹುದು. ಅದಕ್ಕೆ ಅಲ್ಲೇ ಒಂದು ಗುಂಡಿ ಇದೆ.