ಕಾವಲೇ ತೂಬಿಗೆ ಮುನಿದಾಗ

1894ರಲ್ಲಿ, ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿಗೆ ನೀರೊದಗಿಸಲೆಂದು ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ರೂಪುಗೊಂಡಿತು. ಅದೇ ವರ್ಷ ಫ್ರಾನ್ಸಿನ ಲಿಯಾನ್ ನಗರದ ವೈದ್ಯ ಯೂಜೀನ್ ಡೆವಿಕ್, ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಬಾಧಿಸುವ ಉರಿಯೂತವೊಂದನ್ನು ವರ್ಣಿಸಿದನು. ‘ನ್ಯೂರೋಮೈಲೈಟಿಸ್ ಆಪ್ಟಿಕಾ’ ಎಂಬುದು ಅದರ ಹೆಸರು. ಎರಡು ಘಟನೆಗಳೂ ಒಂದೇ ವರ್ಷ ನಡೆದದ್ದು ಆಕಸ್ಮಿಕ. ಆದರೆ ಈ ರೋಗದ ಗುಟ್ಟೂ ನೀರಿನ ದಾರಿಯಲ್ಲಿಯೇ ಅಡಗಿದೆಯೆಂದು 2005ರಲ್ಲಿ ತಿಳಿದುಬಂದಿತು.

ಮಿದುಳು, ಬೆನ್ನುಹುರಿಗಳ ಪೋಷಕ ಕೋಶಗಳಲ್ಲಿ ನೀರನ್ನು ಒಳಹೊರಗೆ ಬಿಡುವ ‘ಅಕ್ವಾಪೊರಿನ್-4’ ಎಂಬ ಸೂಕ್ಷ್ಮವಾದ ತೂಬುಗಳಿವೆ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಈ ತೂಬುಗಳ ಮೇಲೆ ಎರಗುತ್ತವೆ. ನಿನ್ನೆ ಹೊಲಕ್ಕೆ ನಡೆದುಹೋಗಿದ್ದ ಗೃಹಿಣಿಗೆ ಕೆಲವೇ ದಿನಗಳಲ್ಲಿ ಕಣ್ಣು ಮಂಜಾಗಬಹುದು. ಕಾಲು ಸ್ವಾಧೀನ ತಪ್ಪಬಹುದು.

ಇಂಥ ಆಘಾತಕ್ಕೆ ಮೊದಲ ಮದ್ದು ಸ್ಟೆರಾಯ್ಡ್. ಮೀಥೈಲ್‌ಪ್ರೆಡ್ನಿಸೊಲೋನನ್ನು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳದ ಮೂಲಕ ಕೊಡುವರು. ಅದು ಫಲಿಸದಿದ್ದರೆ? ಮನೆಯವರು ಕೈಚೆಲ್ಲಿ ಕೂರುವ ಗಳಿಗೆ ಇದು. ಕೂರಬಾರದ ಗಳಿಗೆಯೂ ಇದೇ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಯಂತ್ರದಿಂದ ಬೇರ್ಪಡಿಸಿ, ಅದರೊಡನೆ ಹಾನಿಕರ ಪ್ರತಿಕಾಯಗಳನ್ನೂ ಹೊರತೆಗೆದು, ಬದಲಿ ದ್ರವವನ್ನು ತುಂಬುವ ಪ್ಲಾಸ್ಮಾ ವಿನಿಮಯವೆಂಬ ಕ್ರಮವಿದೆ. ದಿನ ಬಿಟ್ಟು ದಿನ, ಸುಮಾರು 5ರಿಂದ 7 ಬಾರಿ ಇದನ್ನು ನಡೆಸುವುದು ರೂಢಿ.

ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಸ್ಟೆರಾಯ್ಡಿಗೆ ಬಗ್ಗದ, ನರಮಂಡಲದ ಇಂಥ ಉರಿಯೂತಗಳಿಂದ ನರಳುತ್ತಿದ್ದ 22 ಮಂದಿ ಅದರಲ್ಲಿದ್ದರು. ನಿಜವಾದ ವಿನಿಮಯ ನಡೆದ 19 ಚಿಕಿತ್ಸಾವಧಿಗಳಲ್ಲಿ 8ರಲ್ಲಿ ಗಣನೀಯ ಚೇತರಿಕೆ ಕಂಡಿತು. ತೋರಿಕೆಯ 17ರಲ್ಲಿ ಕಂಡದ್ದು 1ರಲ್ಲಿ ಮಾತ್ರ. ಎಲ್ಲರಿಗೂ ಫಲಿಸದು, ನಿಜ. ಆದರೆ ಬೇಗ ತೊಡಗಿದಷ್ಟೂ ಫಲದ ಆಸೆ ಹೆಚ್ಚು.

ಎದ್ದು ನಡೆದ ಮಾತ್ರಕ್ಕೆ ಕಥೆ ಮುಗಿಯದು. ರೋಗ ಮರುಕಳಿಸುವ ಸ್ವಭಾವದ್ದು. ಮರುಕಳಿಕೆಯನ್ನು ತಡೆಯಲು ಅಜಥಯೋಪ್ರಿನ್, ಮೈಕೊಫಿನೊಲೇಟ್, ರಿಟುಕ್ಸಿಮ್ಯಾಬ್ ಮುಂತಾದವು ಬಳಕೆಯಲ್ಲಿವೆ. ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ತಪ್ಪಾಗಿ ತಿಳಿದು ಇಂಟರ್‌ಫೆರಾನ್ ಕೊಟ್ಟರೆ ಬೇನೆ ಉಲ್ಬಣಿಸಬಹುದು. ಆದ್ದರಿಂದಲೇ ಪ್ರತಿಕಾಯದ ರಕ್ತಪರೀಕ್ಷೆಗೆ ಅಷ್ಟು ಮಹತ್ವ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಇಂಥ ರೋಗಿಗಳ ದಾಖಲೆಯನ್ನು ಕಾಪಿಟ್ಟು ಅಧ್ಯಯನ ನಡೆಸಿರುವುದು ನಾಡಿಗೆ ಹೆಮ್ಮೆಯ ಸಂಗತಿ. ಹೆಸರಘಟ್ಟದವರಿಗಾದರೋ ನರರೋಗಗಳ ಚಿಕಿತ್ಸೆಗೆ ಹೆಸರಾದ ನಿಮ್ಹಾನ್ಸ್ ಅದೇ ಬೆಂಗಳೂರಿನಲ್ಲಿದೆ.

ಕೆರೆಯ ಏರಿ ಬಿರಿದಾಗ ಊರಿನವರು ಬೆಳಗಾಗಲೆಂದು ಕಾಯುವುದಿಲ್ಲ; ಕತ್ತಲಲ್ಲಿಯೇ ಮಣ್ಣು ಹೊರುತ್ತಾರೆ. ಮೊದಲ ಮದ್ದು ಸೋತ ದಿನವೇ ‘ಮುಂದೇನು?’ ಎಂದು ವೈದ್ಯರನ್ನು ಕೇಳುವುದೂ ಅಂಥದೇ ವಿವೇಕ.